‘ಬೆನ್ನು ನೆಟ್ಟಗೆ’ ಅಂದರೆ ಎಷ್ಟು ನೆಟ್ಟಗೆ?

ಯೋಗ ತರಗತಿಗೆ ಒಂದು ವಾರ ಹೋದವರಿಗೂ ಈ ಮಾತು ಬಾಯಿಪಾಠ ಆಗಿರುತ್ತದೆ: ‘ಬೆನ್ನು ನೆಟ್ಟಗೆ, ಬೆನ್ನು ನೆಟ್ಟಗೆ.’ ಕೂತರೂ ಅದೇ, ನಿಂತರೂ ಅದೇ, ಬಗ್ಗಿದರೂ ಅದೇ. ನಾನೂ ವರ್ಷಗಟ್ಟಲೆ ಅದನ್ನು ಕೇಳಿಕೊಂಡು ಬೆನ್ನನ್ನು ಸ್ಕೇಲಿನ ಹಾಗೆ ಸೆಟೆಸಿಕೊಂಡು ಕೂರುತ್ತಿದ್ದೆ. ಒಂದು ದಿನ ಪಶ್ಚಿಮೋತ್ತಾನಾಸನದಲ್ಲಿ, ಅಂದರೆ ಕಾಲು ನೀಡಿ ಕೂತು ಮುಂದೆ ಬಗ್ಗುವ ಆಸನದಲ್ಲಿ, ಇದ್ದಾಗ ಹೇಳಿಕೊಡುತ್ತಿದ್ದವರು ಹಿಂದಿನಿಂದ ಬಂದರು. ‘ಇನ್ನೂ ಸ್ವಲ್ಪ ಹೋಗುತ್ತೆ ಬಿಡಿ’ ಅಂತ ಬೆನ್ನು ಒತ್ತಿದರು. ಹೋಯಿತು, ಸುಳ್ಳಲ್ಲ. ಮಾರನೇ ದಿನ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗಲಿಲ್ಲ. ಹತ್ತು ದಿನ ಗೋಡೆ ಹಿಡಿದು ಓಡಾಡಿದೆ. ಈ ಬೆನ್ನೊಳಗೆ ಅಸಲಿಗೆ ಏನಿದೆ ಅಂತ ತಿಳಿದುಕೊಳ್ಳುವ ಹುಚ್ಚು ಹತ್ತಿದ್ದು ಆಗಲೇ.

ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಗೋಡೆಗೆ ಬೆನ್ನು ಮಾಡಿ ನಿಲ್ಲಿ. ಹಿಮ್ಮಡಿ ಗೋಡೆಯಿಂದ ಒಂದೆರಡು ಬೆರಳು ಮುಂದಿರಲಿ. ಪಿರ್ರೆ, ಬೆನ್ನಿನ ಮೇಲ್ಭಾಗ, ತಲೆಯ ಹಿಂಭಾಗ ಮೂರೂ ಗೋಡೆಗೆ ತಾಗಲಿ. ಈಗ ಸೊಂಟದ ಹಿಂದೆ ಕೈ ತೂರಿಸಿ ನೋಡಿ. ಅಂಗೈ ಹೋಗುತ್ತದೆ, ಅಲ್ವಾ? ಕತ್ತಿನ ಹಿಂದೆಯೂ ಜಾಗ ಇರುತ್ತದೆ. ಇದು ತಪ್ಪಲ್ಲ, ಬೆನ್ನುಮೂಳೆ ಇರಬೇಕಾದ್ದೇ ಹೀಗೆ. ಮುಷ್ಟಿಯೇ ಆರಾಮಾಗಿ ತೂರಿದರೆ ನಿಮ್ಮ ಸೊಂಟದ ಬಾಗು ಸ್ವಲ್ಪ ಜಾಸ್ತಿ. ಬೆರಳೂ ಹೋಗದಿದ್ದರೆ ಕಡಿಮೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕೋಲಲ್ಲ, ಮಣಿಸರ

ಬೆನ್ನುಮೂಳೆ ಅನ್ನುವುದು ಒಂದೇ ಮೂಳೆಯ ಹೆಸರು ಅನ್ನಿಸಿದರೂ ಅದು ಮಣಿಗಳ ಸರ. ಹುಟ್ಟುವಾಗ 33 ಮಣಿ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗಿನ 5 ಮಣಿ ದೊಡ್ಡವರಾಗುವ ಹೊತ್ತಿಗೆ ಬೆಸೆದುಕೊಂಡು ತ್ರಿಕೋನದ ಒಂದೇ ಮೂಳೆ ಆಗುತ್ತವೆ. ಅದೇ ತ್ರಿಕಾಸ್ಥಿ. ತುದಿಯಲ್ಲಿ ನಾಲ್ಕು ಪುಟ್ಟ ಮಣಿ ಸೇರಿ ಬಾಲಮೂಳೆ. ಹೀಗಾಗಿ ದೊಡ್ಡವರಲ್ಲಿ ಎಣಿಸಿದರೆ ಸಿಗುವುದು 26.

ಈ ಸರವನ್ನು ಪಕ್ಕದಿಂದ ನೋಡಿದರೆ ಅಲೆ ಅಲೆಯಾಗಿ ಕಾಣುತ್ತದೆ. ಕತ್ತು ಮುಂದಕ್ಕೆ ಬಾಗಿದೆ, ಎದೆಯ ಭಾಗ ಹಿಂದಕ್ಕೆ, ಸೊಂಟ ಮತ್ತೆ ಮುಂದಕ್ಕೆ, ತ್ರಿಕಾಸ್ಥಿ ಹಿಂದಕ್ಕೆ. ಹೊಟ್ಟೆಯೊಳಗಿನ ಮಗುವಿಗೆ ಒಂದೇ ಬಾಗು, ಪೂರ್ತಿ ಬೆನ್ನು ಹಿಂದಕ್ಕೆ ಗುಂಡಗೆ ಇರುತ್ತದೆ. ಮಗು ಬೋರಲು ಬಿದ್ದು ತಲೆ ಎತ್ತಲು ಶುರು ಮಾಡಿದಾಗ ಕತ್ತಿನ ಬಾಗು ಗಟ್ಟಿಯಾಗುತ್ತದೆ. ಕೂತು, ಎದ್ದು, ನಡೆಯುವಾಗ ಸೊಂಟದ್ದು. ಅಂದರೆ ಸೊಂಟದ ಆ ಒಳಬಾಗನ್ನು ನಾವು ಎರಡು ಕಾಲಮೇಲೆ ನಿಂತು ಸಂಪಾದಿಸಿದ್ದೇವೆ. ಅದನ್ನು ಸೆಟೆಸಿ ಅಳಿಸಿಹಾಕುವುದು ನೆಟ್ಟಗಿರುವುದಲ್ಲ. ಬಾಗುಗಳು ಇರುವುದರಿಂದಲೇ ಬೆನ್ನು ಸ್ಪ್ರಿಂಗಿನ ಹಾಗೆ ಕುಲುಕಾಟವನ್ನು ತಡೆದುಕೊಳ್ಳುತ್ತದೆ.

ಹಾಗಾದರೆ ‘ನೆಟ್ಟಗೆ’ ಅಂದರೆ ಏನು? ತಲೆಮೇಲೆ ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸರನ್ನು ನೋಡಿರುತ್ತೀರಿ. ಅವರ ಬೆನ್ನಿನ ಬಾಗು ಎಲ್ಲೂ ಮಾಯವಾಗಿರುವುದಿಲ್ಲ. ಆದರೆ ತಲೆ ಎದೆಗೂಡಿನ ಮೇಲೆ, ಎದೆಗೂಡು ಸೊಂಟದ ಮೇಲೆ, ಸೊಂಟ ಪಾದದ ಮೇಲೆ ಸರಿಯಾಗಿ ಕೂತಿರುತ್ತದೆ. ಭಾರ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರುತ್ತದೆ. ಯೋಗದವರು ‘ಅಲೈನ್‌ಮೆಂಟ್’ ಅನ್ನುವುದು ಇದಕ್ಕೇ. ತಾಡಾಸನದಲ್ಲಿ ಸುಮ್ನೆ ನಿಂತ ಹಾಗೆ ಕಾಣುತ್ತದೆ, ಆದರೆ ಅಲ್ಲಿ ಕಲಿಯಬೇಕಾದ್ದು ಇದನ್ನೇ.

ಈಗ ಗೋಡೆಯ ಲೆಕ್ಕಕ್ಕೆ ಬನ್ನಿ. ತಾಡಾಸನದಲ್ಲಿ ‘ಬಾಲಮೂಳೆ ಒಳಗೆ ಎಳೆದುಕೊಳ್ಳಿ’ ಅಂತ ಎಲ್ಲರಿಗೂ ಒಂದೇ ಮಾತು ಹೇಳುವುದುಂಟು. ಮುಷ್ಟಿ ತೂರಿದವರಿಗೆ ಈ ಸೂಚನೆ ಒಳ್ಳೆಯದೇ. ಬೆರಳೂ ತೂರದವರು ಇದನ್ನು ಮಾಡಿದರೆ ಇದ್ದ ಸ್ವಲ್ಪ ಬಾಗೂ ಹೋಗುತ್ತದೆ. ಒಂದೇ ಚೀಟಿಯ ಔಷಧ ಮನೆಮಂದಿಗೆಲ್ಲ ಕೊಟ್ಟ ಹಾಗೆ.

ಕಡುಬು ಮತ್ತು ಹೂರಣ

ಮಣಿ ಮಣಿಗಳ ನಡುವೆ ಡಿಸ್ಕ್ ಇದೆ. ಒಟ್ಟು 23. ತಲೆಬುರುಡೆ ಮತ್ತು ಮೊದಲ ಮಣಿಯ ನಡುವೆ ಡಿಸ್ಕ್ ಇಲ್ಲ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆಯೂ ಇಲ್ಲ.

ಡಿಸ್ಕನ್ನು ಕಡುಬಿಗೆ ಹೋಲಿಸಿದರೆ ಬೇಗ ಅರ್ಥವಾಗುತ್ತದೆ. ಒಳಗೆ ನೀರೇ ಜಾಸ್ತಿ ಇರುವ ಮೆತ್ತನೆಯ ಲೋಳೆ, ಅದು ಹೂರಣ. ಸುತ್ತ ಗಟ್ಟಿ ನಾರಿನ ಪದರ, ಅದು ಕಣಕ. ಈ ಕಣಕ ಒಂದೇ ಪದರದ್ದಲ್ಲ, ಈರುಳ್ಳಿಯ ಹಾಗೆ ಹತ್ತಾರು ಪದರ. ಒಂದು ಪದರದ ನಾರು ಬಲಕ್ಕೆ ಓರೆ, ಮುಂದಿನದು ಎಡಕ್ಕೆ ಓರೆ. ಬುಟ್ಟಿ ಹೆಣೆದ ಹಾಗೆ. ಕಡುಬಿನ ಒಂದು ಬದಿ ಒತ್ತಿದರೆ ಹೂರಣ ಇನ್ನೊಂದು ಬದಿಗೆ ಸರಿಯುತ್ತದೆ. ಸೊಂಟ ಗುಂಡಗೆ ಮಾಡಿ ಮುಂದೆ ಬಗ್ಗಿದಾಗ ಡಿಸ್ಕಿನ ಮುಂಭಾಗ ಒತ್ತಿ, ಲೋಳೆ ಹಿಂದಕ್ಕೆ ತಳ್ಳಿಕೊಳ್ಳುತ್ತದೆ. ಹಿಂಭಾಗದಲ್ಲಿ ಕಣಕ ತೆಳು. ಅದರ ಹಿಂದೆಯೇ ನರಗಳು. ‘ಡಿಸ್ಕ್ ಜಾರಿದೆ’ ಅಂತ ನಾವು ಹೇಳುವುದು ತಪ್ಪು ಮಾತು. ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ, ಮಣಿಗಳಿಗೆ ಗಟ್ಟಿಯಾಗಿ ಅಂಟಿಕೊಂಡೇ ಇರುತ್ತದೆ. ಉಬ್ಬುತ್ತದೆ, ಕೆಲವೊಮ್ಮೆ ಕಣಕ ಹರಿದು ಹೂರಣ ಹೊರಬರುತ್ತದೆ. ಇದು ಹೆಚ್ಚಾಗಿ ಆಗುವುದು ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ. ಅಲ್ಲಿಂದ ಹೊರಟ ನರ ಪಿರ್ರೆ ದಾಟಿ ಕಾಲಿಗೆ ಹೋಗುವುದರಿಂದ ನೋವೂ ಕಾಲಿಗೆ ಇಳಿಯುತ್ತದೆ. ಅದೇ ಸಯಾಟಿಕಾ.

ಡಿಸ್ಕಿನ ಒಳಗೆ ರಕ್ತನಾಳ ಇಲ್ಲ. ಹಾಗಾದರೆ ಅದಕ್ಕೆ ಊಟ? ಸ್ಪಂಜನ್ನು ಒತ್ತಿ ಬಿಟ್ಟರೆ ನೀರು ಹೊರಹೋಗಿ ಒಳಬರುವ ಹಾಗೆ, ಭಾರ ಬಿದ್ದಾಗ ಡಿಸ್ಕಿನಿಂದ ನೀರು ಹೊರಗೆ, ಭಾರ ಇಳಿದಾಗ ಒಳಗೆ. ಬೇಕಾದ ಪೋಷಕಾಂಶ ಅಕ್ಕಪಕ್ಕದ ಮೂಳೆಯಿಂದ ನಿಧಾನವಾಗಿ ಇಂಗಿ ಬರುತ್ತದೆ. ಆದ್ದರಿಂದ ಬೆನ್ನಿಗೆ ಭಾರವೂ ಬೇಕು, ಬಿಡುವೂ ಬೇಕು. ದಿನವಿಡೀ ಒಂದೇ ಭಂಗಿಯಲ್ಲಿ ಕೂರುವುದು, ಅದು ಎಷ್ಟೇ ‘ಸರಿಯಾದ’ ಭಂಗಿ ಆಗಿರಲಿ, ಡಿಸ್ಕಿಗೆ ಹಿಡಿಸುವುದಿಲ್ಲ.

ರಾತ್ರಿ ಮಲಗಿದಾಗ ಡಿಸ್ಕ್ ನೀರು ಕುಡಿದು ಉಬ್ಬುತ್ತದೆ. ಹಾಗಾಗಿ ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಎತ್ತರ ಇರುತ್ತೇವೆ. ಸಂಜೆಗೆ ಮತ್ತೆ ಮೊದಲಿನಷ್ಟೇ. ಬಾಹ್ಯಾಕಾಶಕ್ಕೆ ಹೋದವರಲ್ಲಿ ಭಾರವೇ ಇಲ್ಲದ್ದರಿಂದ ಈ ಬೆಳವಣಿಗೆ ಶೇ 3ರವರೆಗೂ ಹೋಗುತ್ತದೆ. ಇದರಲ್ಲಿ ಯೋಗ ಮಾಡುವವರಿಗೆ ಒಂದು ಎಚ್ಚರಿಕೆ ಇದೆ. ಉಬ್ಬಿದ ಡಿಸ್ಕ್ ಬಿಗಿಯಾಗಿರುತ್ತದೆ. ಎದ್ದ ಮೊದಲ ಗಂಟೆಯಲ್ಲಿ ಪೂರ್ತಿ ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ಬೆಳಗಿನ ಜಾವ ಯೋಗ ಮಾಡಬಾರದು ಅಂತ ಅಲ್ಲ. ಹಾಸಿಗೆಯಿಂದ ಎದ್ದು ನೇರವಾಗಿ, ನಿಂತು ಬಗ್ಗಿ ಪಾದ ಮುಟ್ಟುವ ಪಾದಹಸ್ತಾಸನಕ್ಕೆ ಇಳಿಯಬೇಡಿ, ಅಷ್ಟೇ. ಸ್ವಲ್ಪ ಓಡಾಡಿ. ಮೊದಲ ನಾಲ್ಕು ಸೂರ್ಯ ನಮಸ್ಕಾರ ಮೊಣಕಾಲು ಮಡಚಿ ಮಾಡಿ.

ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಒಂದು ಧೈರ್ಯದ ಕೆಲಸ ಮಾಡಿದರು. ಬದುಕಿರುವವರ ಸೊಂಟದ ಡಿಸ್ಕಿಗೇ ಸೂಜಿ ಹಾಕಿ ಒಳಗಿನ ಒತ್ತಡ ಅಳೆದರು. ನಿಂತಾಗಿನ ಒತ್ತಡ 100 ಅಂತ ಇಟ್ಟುಕೊಂಡರೆ, ಅಂಗಾತ ಮಲಗಿದಾಗ ಸುಮಾರು 25. ಒರಗದೆ ಕೂತಾಗ 140. ಕೂತು ಮುಂದೆ ಬಗ್ಗಿದಾಗ 185. 1999ರಲ್ಲಿ ಜರ್ಮನಿಯಲ್ಲಿ ಮತ್ತೆ ಅಳೆದಾಗ ಸುಮ್ನೆ ಕೂರುವುದು ಅಷ್ಟು ಕೆಟ್ಟದ್ದಲ್ಲ ಅಂತ ಬಂತು. ಮಲಗಿದಾಗ ಇಳಿಯುವುದು, ಬಗ್ಗಿದಾಗ ಏರುವುದು ಮಾತ್ರ ಹಾಗೇ ಇತ್ತು. ಪಶ್ಚಿಮೋತ್ತಾನಾಸನ ಅಂದರೆ ಏನು? ಕೂತು ಮುಂದೆ ಬಗ್ಗುವುದೇ. ಅದರ ಮೇಲೆ ಇನ್ನೊಬ್ಬರು ಕೂತು ಒತ್ತಿದರೆ ಎಷ್ಟಾಗಬಹುದು ಅಂತ ನನ್ನ ಸೊಂಟವನ್ನು ಕೇಳಿ.

ಬಗ್ಗಬೇಕಾದ್ದು ಎಲ್ಲಿ?

ನನ್ನ ತಪ್ಪು ಎಲ್ಲಿತ್ತು ಅಂತ ತಿಳಿಯಲು ಬೆನ್ನನ್ನು ಬಿಟ್ಟು ಕೆಳಗೆ ಬರಬೇಕು. ಬೆನ್ನುಮೂಳೆ ನಿಂತಿರುವುದು ಪೆಲ್ವಿಸ್ ಮೇಲೆ. ಸೊಂಟದ ಕೆಳಗೆ ಬೋಗುಣಿಯ ಹಾಗೆ ಇರುವ ಮೂಳೆ ಅದು. ಬೋಗುಣಿ ಮುಂದಕ್ಕೆ ವಾಲಿದರೆ ಸೊಂಟದ ಬಾಗು ಜಾಸ್ತಿಯಾಗುತ್ತದೆ. ಹಿಂದಕ್ಕೆ ವಾಲಿದರೆ ಬಾಗು ಹೋಗಿ ಸೊಂಟ ಗುಂಡಗಾಗುತ್ತದೆ. ಅಡಿಪಾಯ ವಾಲಿದ ಮೇಲೆ ಮೇಲಿನ ಗೋಡೆಗೆ ‘ನೆಟ್ಟಗೆ ನಿಲ್ಲು’ ಅಂತ ಎಷ್ಟು ಕೂಗಿದರೂ ಪ್ರಯೋಜನ ಇಲ್ಲ.

ಈ ಬೋಗುಣಿಯ ತಳದಲ್ಲಿ ಎರಡು ಗುಬುಟು ಇವೆ. ಗಟ್ಟಿ ನೆಲದ ಮೇಲೆ ಕೂತು ಪಿರ್ರೆಯ ಕೆಳಗೆ ಅಂಗೈ ಇಟ್ಟರೆ ಸಿಗುತ್ತವೆ. ತೊಡೆಯ ಹಿಂಭಾಗದ ಸ್ನಾಯು, ಜಿಮ್‌ನವರು ಹ್ಯಾಮ್‌ಸ್ಟ್ರಿಂಗ್ ಅನ್ನುತ್ತಾರಲ್ಲ ಅದು, ಶುರುವಾಗುವುದು ಇಲ್ಲಿಂದಲೇ. ಕೆಳಗೆ ಮೊಣಕಾಲು ದಾಟಿ ಅಂಟಿಕೊಂಡಿದೆ. ಕುರ್ಚಿಯಲ್ಲಿ ಕೂತು ಕೂತು ಇದು ಬಿಗಿಯಾಗಿರುತ್ತದೆ. ಈಗ ಕಾಲು ನೀಡಿ ನೆಲದ ಮೇಲೆ ಕೂರಿ. ಬಿಗಿಯಾದ ಸ್ನಾಯು ಆ ಗುಬುಟುಗಳನ್ನು ಮುಂದಕ್ಕೆ ಜಗ್ಗುತ್ತದೆ. ಬೋಗುಣಿ ಹಿಂದಕ್ಕೆ ವಾಲುತ್ತದೆ. ಇನ್ನೂ ಬಗ್ಗಲು ಶುರು ಮಾಡುವ ಮೊದಲೇ ಸೊಂಟ ಗುಂಡಗಾಗಿರುತ್ತದೆ. ಇಲ್ಲಿಂದ ಕೈ ಚಾಚಿ ಪಾದ ಮುಟ್ಟಲು ಹೊರಟರೆ ಬಗ್ಗಲು ಉಳಿದಿರುವುದು ಸೊಂಟದ ಡಿಸ್ಕ್ ಮಾತ್ರ. ತೊಡೆಯ ಬುಡದ ಕೀಲಿನಲ್ಲಿ ಆಗಬೇಕಾದ ಕೆಲಸವನ್ನು ಸೊಂಟ ಮಾಡುತ್ತದೆ.

ಪರೀಕ್ಷೆ ಸುಲಭ. ಕಾಲು ನೀಡಿ ಕೂತು ಸೊಂಟದ ಹಿಂದೆ ಕೈ ಇಡಿ. ಮಣಿಗಳ ತುದಿ ಬೆರಳಿಗೆ ಗಂಟು ಗಂಟಾಗಿ ಚುಚ್ಚಿದರೆ ಬೋಗುಣಿ ಹಿಂದೆ ವಾಲಿದೆ ಅಂತ ಅರ್ಥ. ಈಗ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕೂರಿ. ಮೊಣಕಾಲು ಸ್ವಲ್ಪ ಮಡಚಿ. ಮತ್ತೆ ಮುಟ್ಟಿ ನೋಡಿ. ಗಂಟುಗಳು ಒಳಗೆ ಹೋಗಿರುತ್ತವೆ. ಹೊಕ್ಕುಳನ್ನು ತೊಡೆಯ ಕಡೆ ಒಯ್ಯಿ, ಹಣೆಯನ್ನಲ್ಲ. ಪಾದ ಸಿಗಲಿಲ್ಲವಾ? ಸಿಗದಿದ್ದರೆ ನಷ್ಟ ಏನು? ಒಂದು ಟವೆಲ್ ಪಾದಕ್ಕೆ ಸುತ್ತಿ ಹಿಡಿದುಕೊಳ್ಳಿ.

ನಮ್ಮಜ್ಜಿ ಊಟಕ್ಕೆ ಮಣೆ ಹಾಕುತ್ತಿದ್ದರು. ಆಗ ಅದು ಮಡಿಗೆ, ಮರ್ಯಾದೆಗೆ ಅಂದುಕೊಂಡಿದ್ದೆ. ಚಕ್ಕಳಮಕ್ಕಳ ಹಾಕಿ ಕೂರುವಾಗ ಎರಡಿಂಚು ಎತ್ತರ ಸಿಕ್ಕರೆ ಮೊಣಕಾಲು ಕೆಳಗಿಳಿದು ಬೋಗುಣಿ ತಾನಾಗಿ ಸರಿಯಾಗಿ ನಿಲ್ಲುತ್ತದೆ. ಧ್ಯಾನಕ್ಕೆ ಕೂತ ಹತ್ತು ನಿಮಿಷಕ್ಕೇ ಬೆನ್ನು ಸೋತರೆ ಮನಸ್ಸಿನ ಚಂಚಲತೆಯನ್ನು ಬೈಯುವ ಮೊದಲು ಒಂದು ಮಣೆ ಹುಡುಕಿ.

ಹೀಗೆ ಕಂಬಳಿ, ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಹಗ್ಗ ಇವನ್ನೆಲ್ಲ ಆಸನದೊಳಗೆ ತಂದು ಜಗತ್ತಿಗೆ ಪರಿಚಯಿಸಿದವರು ನಮ್ಮವರೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಕಲಿತು 1937ರಲ್ಲಿ ಪುಣೆಗೆ ಹೋದವರು. ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ ಎಲ್ಲ ಬಂದು ಮೈ ಸೋತಿತ್ತು. ಸೋತ ಮೈಯನ್ನು ಆಸನಕ್ಕೆ ಹೇಗೆ ತರುವುದು ಅನ್ನುವುದು ಅವರಿಗೆ ಸ್ವಂತ ಪ್ರಶ್ನೆಯೇ ಆಗಿತ್ತು. ಅದೇ ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಹಾಸನದ ಕಡೆಯ ಕೆ. ಪಟ್ಟಾಭಿ ಜೋಯಿಸ್, ಮೈಸೂರಿನಲ್ಲೇ ಉಳಿದು ಉಸಿರಿಗೊಂದು ಚಲನೆಯ ಅಷ್ಟಾಂಗ ಪದ್ಧತಿಯನ್ನು ಬೆಳೆಸಿದರು. ಒಬ್ಬ ಗುರು, ಇಬ್ಬರು ಶಿಷ್ಯರು. ಒಬ್ಬರದು ಒಂದೇ ಆಸನದಲ್ಲಿ ನಿಮಿಷಗಟ್ಟಲೆ ನಿಂತು ಪಾದದ ಅಂಚನ್ನೂ ತಿದ್ದುವ ದಾರಿ, ಇನ್ನೊಬ್ಬರದು ಹರಿಯುವ ದಾರಿ. ಅಲೈನ್‌ಮೆಂಟ್ ಅನ್ನುವ ಮಾತು ಇವತ್ತು ಇಷ್ಟು ಕೇಳಿಬರುವುದಕ್ಕೆ ಅಯ್ಯಂಗಾರರೇ ದೊಡ್ಡ ಕಾರಣ. ಬೇಜಾರಿನ ಸಂಗತಿ ಅಂದರೆ, ಮೈಗೆ ತಕ್ಕಂತೆ ಆಸನ ಹೊಂದಿಸಲು ಬಂದ ಸಲಕರಣೆ ಮರೆತುಹೋಗಿ, ಫೋಟೋದಲ್ಲಿನ ಆಕಾರಕ್ಕೆ ಮೈ ಹೊಂದಿಸುವುದೇ ಅಲೈನ್‌ಮೆಂಟ್ ಅಂತ ಆಗಿಬಿಟ್ಟಿದೆ.

ಪದ್ಮಾಸನವನ್ನೇ ನೋಡಿ. ಅದಕ್ಕೆ ತೊಡೆಯ ಬುಡದ ಕೀಲು ಚೆನ್ನಾಗಿ ಹೊರಕ್ಕೆ ತಿರುಗಬೇಕು. ಆ ಕೀಲಿನ ಗುಳಿ ಎಷ್ಟು ಆಳ, ಯಾವ ಕಡೆ ಮುಖ ಮಾಡಿದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಮೂಳೆಗೆ ಮೂಳೆ ತಾಗಿದ ಮೇಲೆ ಅಭ್ಯಾಸ ಏನೂ ಮಾಡಲಾರದು. ಬಲವಂತ ಮಾಡಿದರೆ ಪಾಪ, ಮೊಣಕಾಲು ತಿರುಚಿಕೊಳ್ಳುತ್ತದೆ.

ತಿರುಚುವುದು, ಹಿಂದೆ ಬಾಗುವುದು

ಮಣಿಗಳ ಹಿಂಭಾಗದಲ್ಲಿ ಪುಟ್ಟ ಕೀಲುಗಳಿವೆ. ಯಾವ ಭಾಗ ಯಾವ ಕಡೆ ಹೋಗಬಹುದು ಅಂತ ತೀರ್ಮಾನ ಮಾಡುವುದು ಇವೇ. ಸೊಂಟದಲ್ಲಿ ಈ ಕೀಲುಗಳು ಹಳಿಯ ಹಾಗೆ ಹಿಂದೆ-ಮುಂದೆ ಹೋಗಲು ಬಿಡುತ್ತವೆ, ತಿರುಗಲು ಬಿಡುವುದಿಲ್ಲ. ಒಂದೊಂದು ಮಣಿ ತಿರುಗುವುದು ಒಂದೆರಡು ಡಿಗ್ರಿ ಅಷ್ಟೇ. ಎದೆಯ ಭಾಗ ಒಟ್ಟು 35 ಡಿಗ್ರಿ ಸುಮಾರಿಗೆ ತಿರುಗುತ್ತದೆ. ಕತ್ತು ಎಲ್ಲಕ್ಕಿಂತ ಜಾಸ್ತಿ, ಅದರಲ್ಲೂ ಅರ್ಧದಷ್ಟು ಮೇಲಿನ ಎರಡು ಮಣಿಗಳ ನಡುವೆಯೇ ಆಗಿಹೋಗುತ್ತದೆ.

ಆದ್ದರಿಂದ ಕೂತು ಮೈ ತಿರುಚುವ ಅರ್ಧ ಮತ್ಸ್ಯೇಂದ್ರಾಸನದಲ್ಲಿ ‘ಸೊಂಟದಿಂದ ತಿರುಗಿ’ ಅಂದರೆ ಸೊಂಟಕ್ಕೆ ಅದು ಬರುವುದೇ ಇಲ್ಲ. ತಿರುಗಬೇಕಾದ್ದು ಎದೆಗೂಡು. ಕೈಯನ್ನು ಮೊಣಕಾಲಿಗೆ ಸಿಕ್ಕಿಸಿ ಸನ್ನೆಕೋಲಿನ ಹಾಗೆ ಜಗ್ಗಿದರೆ ಆ ಬಲ ಹೋಗಿ ಬೀಳುವುದು ಕೊನೆಯ ಡಿಸ್ಕಿಗೆ, ಇಲ್ಲವೇ ತ್ರಿಕಾಸ್ಥಿ ಪೆಲ್ವಿಸ್‌ಗೆ ಸೇರುವ ಕೀಲಿಗೆ. ಆ ಕೀಲು ಅಲ್ಲಾಡುವುದೇ ಕೂದಲೆಳೆಯಷ್ಟು. ಎರಡೂ ಪಿರ್ರೆಯನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ ಒತ್ತಿ ಹಿಡಿಯುವುದಕ್ಕಿಂತ ಪೆಲ್ವಿಸ್ಸೂ ಸ್ವಲ್ಪ ಜೊತೆಗೆ ತಿರುಗಲಿ ಅಂತ ಬಿಡುವುದು ಮೇಲು. ಮೊದಲು ಉಸಿರೆಳೆದು ಎತ್ತರ ಆಗಿ, ಬಿಡುತ್ತಾ ತಿರುಗಿ. ಕತ್ತು ಕೊನೆಗೆ. ತಿರುಚಿದರೆ ಬಟ್ಟೆ ಹಿಂಡಿದ ಹಾಗೆ ಮೈಯ ವಿಷ ಹೊರಹೋಗುತ್ತದೆ ಅನ್ನುವವರಿದ್ದಾರೆ. ಆ ಕೆಲಸ ಪಿತ್ತಜನಕಾಂಗಕ್ಕೂ (ಲಿವರ್) ಮೂತ್ರಪಿಂಡಕ್ಕೂ ಇರಲಿ ಬಿಡಿ.

ಹಿಂದೆ ಬಾಗುವುದರಲ್ಲಿ ಕಥೆ ತಲೆಕೆಳಗು. ಸೊಂಟ ಸಲೀಸಾಗಿ ಹಿಂದೆ ಬಾಗುತ್ತದೆ. ಎದೆಯ ಭಾಗ ಬಾಗುವುದಿಲ್ಲ, ಅಲ್ಲಿ ಪಕ್ಕೆಲುಬು ಕಟ್ಟಿಹಾಕಿದೆ, ಮಣಿಗಳ ಹಿಂದಿನ ಮುಳ್ಳು ಹೆಂಚಿನ ಹಾಗೆ ಒಂದರ ಮೇಲೊಂದು ಒರಗಿಕೊಂಡಿದೆ. ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನದಲ್ಲಿ ಕೈ ಪೂರ್ತಿ ನೆಟ್ಟಗೆ ಮಾಡಿ ಮೇಲೆದ್ದರೆ ನೋಡಲು ಚೆಂದ. ಒಳಗೆ ಮಾತ್ರ ಕೊನೆಯ ಒಂದೆರಡು ಮಣಿಗಳಲ್ಲೇ ಮಡಚಿರುತ್ತದೆ, ಬಾಗಿಲ ತಿರುಗಣಿಯ ಹಾಗೆ. ಮೊಣಕೈ ಮಡಚಿ, ಎದೆಯನ್ನು ಮುಂದಕ್ಕೆ ಎಳೆಯುತ್ತಾ ನಾಲ್ಕಿಂಚು ಎದ್ದರೂ ಸಾಕು. ಸೊಂಟದಲ್ಲಿ ಚುಳ್ ಅಂದರೆ ಇಳಿದುಬಿಡಿ.

ಶೀರ್ಷಾಸನದ ಬಗ್ಗೆ ಒಂದೇ ಮಾತು. ಕತ್ತಿನ ಮೊದಲ ಮಣಿಯ ಹೆಸರು ಅಟ್ಲಾಸ್, ಆಕಾಶ ಹೊತ್ತ ಗ್ರೀಕ್ ದೈತ್ಯನ ಹೆಸರು. ಅವನು ದಿನವೂ ಹೊರುವುದು ಐದು ಕೆ.ಜಿ. ತಲೆಯನ್ನು. ಶೀರ್ಷಾಸನ ಮಾಡುವವರನ್ನು ಅಳೆದು ನೋಡಿದಾಗ ತಲೆಯ ಮೇಲೆ ಬಿದ್ದದ್ದು ಮೈತೂಕದ ಶೇ 40ರಿಂದ 48ರಷ್ಟು. 70 ಕೆ.ಜಿ. ಮನುಷ್ಯನಿಗೆ 30 ಕೆ.ಜಿ. ಹತ್ತಿರ ಹತ್ತಿರ. ಮುಂದೋಳು, ಹೆಗಲು ಗಟ್ಟಿಯಾಗುವ ತನಕ ಇದಕ್ಕೆ ಆತುರ ಬೇಡ.

ಹೆದರಿಕೊಂಡವರಿಗೆ

ಇಷ್ಟು ಓದಿ ಬಗ್ಗುವುದಕ್ಕೇ ಭಯ ಹುಟ್ಟಿದ್ದರೆ ಇದನ್ನೂ ಓದಿ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಗೆ ಎಂಆರ್‌ಐ ಮಾಡಿದರು. ಶೇ 52 ಮಂದಿಗೆ ಎಲ್ಲೋ ಒಂದು ಕಡೆಯಾದರೂ ಡಿಸ್ಕ್ ಉಬ್ಬಿತ್ತು. ಶೇ 27 ಮಂದಿಗೆ ಅದಕ್ಕಿಂತ ಚಾಚಿಕೊಂಡಿತ್ತು. ನೋವು ಮಾತ್ರ ಯಾರಿಗೂ ಇರಲಿಲ್ಲ. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಬಲ್ಜ್’ ಅಂತ ಬಂದ ಮಾತ್ರಕ್ಕೆ ಬೆನ್ನು ಮುರಿದ ಹಾಗಲ್ಲ. ಗುಂಡಗೆ ಬಗ್ಗುವುದೂ ಪಾಪವಲ್ಲ. ಮಾರ್ಜಾಲಾಸನದಲ್ಲಿ ಬೆಕ್ಕಿನ ಹಾಗೆ ಬೆನ್ನು ಉಬ್ಬಿಸಿ ತಗ್ಗಿಸುವುದು ಬೆನ್ನಿಗೆ ಹಿತವೇ. ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಇರುವಾಗ ಭಾರ ಕಡಿಮೆ. ತೊಂದರೆ ಬರುವುದು ಭಾರ, ಜಗ್ಗಾಟ, ತುಂಬ ಹೊತ್ತು ಈ ಮೂರೂ ಒಂದೇ ಜಾಗದ ಮೇಲೆ ಸೇರಿದಾಗ.

ಕೆಲವರು ಮಾತ್ರ ನಿಜಕ್ಕೂ ಹುಷಾರಾಗಿರಬೇಕು. ಮೂಳೆ ಸವೆತ, ಅಂದರೆ ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್, ಇರುವ ಹಿರಿಯ ಹೆಂಗಸರು ಬಲವಾಗಿ ಮುಂದೆ ಬಗ್ಗಬಾರದು, ಮಣಿಯ ಮುಂಭಾಗ ಕುಸಿಯಬಹುದು. ಅಮೆರಿಕದ ದೊಡ್ಡ ಆಸ್ಪತ್ರೆ ಮೇಯೋ ಕ್ಲಿನಿಕ್‌ನಲ್ಲಿ ಇಂಥ 59 ಮಂದಿಯನ್ನು ಗಮನಿಸಿ 1984ರಲ್ಲಿ ವರದಿ ಮಾಡಿದರು. ಚಿಕ್ಕ ಅಧ್ಯಯನ, ಯೋಗದ್ದೂ ಅಲ್ಲ. ಆದರೂ ಮುಂದೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ ಶೇ 89 ಮಂದಿಗೆ ಮಣಿಗಳಲ್ಲಿ ಹೊಸ ಕುಸಿತ ಕಂಡಿತು, ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮದವರಲ್ಲಿ ಶೇ 16 ಮಂದಿಗೆ. ಅಮ್ಮನನ್ನು ಯೋಗಕ್ಕೆ ಸೇರಿಸುವಾಗ ಇದನ್ನು ಹೇಳಿಕೊಡುವವರ ಕಿವಿಗೆ ಹಾಕಿ. ಇನ್ನು ಬೆನ್ನುಹುರಿ ಸೊಂಟದ ಮೊದಲೆರಡು ಮಣಿಗಳ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಬಾಲದ ಹಾಗೆ ನರಗಳ ಗೊಂಚಲು. ಅದು ಅದುಮಿಕೊಂಡರೆ ತೊಡೆಗಳ ನಡುವೆ ಜೋಮು ಹಿಡಿಯುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ಕಾಲು ಬಲ ಕಳೆದುಕೊಳ್ಳುತ್ತದೆ. ಹಾಗಾದರೆ ಆಸನವೂ ಬೇಡ, ಎಣ್ಣೆ ತಿಕ್ಕುವುದೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ.

ಕೊನೆಗೆ ಶವಾಸನ. ನಾಕೆಮ್ಸನ್ ಲೆಕ್ಕದ 25 ಸಿಗುವುದು ಇಲ್ಲಿಯೇ. ಕಾಲು ನೀಡಿ ಮಲಗಿದಾಗ ಸೊಂಟ ನೆಲದಿಂದ ಎದ್ದು ಬಿಗಿದುಕೊಂಡರೆ ಮೊಣಕಾಲ ಕೆಳಗೆ ಒಂದು ದಿಂಬು ಇಡಿ. ಬೆನ್ನುಮೂಳೆಯ ಮುಂಭಾಗದಿಂದ ತೊಡೆಮೂಳೆಗೆ ಹೋಗುವ ಸ್ನಾಯು ಒಂದಿದೆ, ಅದು ಸಡಿಲಾಗಿ ಸೊಂಟ ತಾನಾಗಿ ಕೆಳಗಿಳಿಯುತ್ತದೆ. ಏಳುವಾಗ ನೇರವಾಗಿ ಎದ್ದು ಕೂರಬೇಡಿ. ಬಲಕ್ಕೆ ಹೊರಳಿ, ಕೈ ಊರಿ, ತಲೆಯನ್ನು ಕೊನೆಗೆ ಎತ್ತಿ. ಚಾಪೆ ಮಡಚಲು ಬಗ್ಗುವಾಗ ಮೊಣಕಾಲು ಮಡಚುವುದನ್ನು ಮರೆಯಬೇಡಿ. ನನ್ನ ಗೆಳೆಯನೊಬ್ಬನಿಗೆ ಒಂದೂವರೆ ಗಂಟೆ ಆಸನ ಮಾಡುವಾಗ ಏನೂ ಆಗದೆ, ಸೊಂಟ ಹಿಡಿದುಕೊಂಡದ್ದು ಚಾಪೆ ಎತ್ತುವಾಗ.